ಮಲ್ಲಪ್ಪಣ್ಣನ ತೊಟ್ಟಿಲು ಗುಂಡಿಗಳು

ಇವತ್ತು ಬೆಳಿಗ್ಗೆ ಕಿಟಕಿ ತೆಗೆದಾಗ ಕಾಫಿ ಹೂವಿನ ವಾಸನೆ ಒಳಗೆ ಬಂತು. ಕಾಫಿ ಹೂ ಬಿಟ್ಟ ದಿನ ನೀವು ಕೊಡಗಿನಲ್ಲಿ ಇದ್ದಿದ್ದರೆ ನಾನು ಹೇಳಬೇಕಾಗಿಲ್ಲ. ಇರದಿದ್ದರೆ ಹೇಳಿದರೂ ತಿಳಿಯುವುದು ಕಷ್ಟ. ಮಲ್ಲಿಗೆಗೆ ಹತ್ತಿರದ ವಾಸನೆ, ಆದರೆ ಮುಡಿಗೆ ಸಾಕಾಗುವಷ್ಟಲ್ಲ, ಒಂದು ಇಡೀ ಗುಡ್ಡಕ್ಕೆ ಸಾಕಾಗುವಷ್ಟು. ನಮ್ಮ ಮನೆ ಹೊಳೆಯ ಈಚೆ ದಡದಲ್ಲಿದೆ. ಇಲ್ಲಿ ಇರುವುದು ಬೇಲಿಯ ಪಕ್ಕ ಹನ್ನೊಂದು ಕಾಫಿ ಗಿಡ, ಅವೂ ಸೊರಗಿದವು. ವಾಸನೆ ಬಂದದ್ದು ಎದುರಿನ ಗುಡ್ಡದ ಎಸ್ಟೇಟುಗಳಿಂದ.

ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ನಿಂತು ಒಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ನಾನು ಬೆರಳು ಮಡಿಸಿ ಎಣಿಸಿದೆ. ಬೇಸಿಗೆಯ ಮೊದಲ ಮಳೆ ಬಿದ್ದು ಎಂಟು ಒಂಬತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಹಾಗಾದರೆ ಮೇಲೆ ಮಳೆಯಾದದ್ದು ಹೋದ ವಾರದ ಸೋಮವಾರ. ಆ ದಿನ ನಮ್ಮ ಅಂಗಳಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ, ಹೆಂಡತಿ ಗೌರಿ ಮೆಣಸು ಒಣ ಹಾಕಿದ್ದಳು. ಹೀಗೆ ಮೂಗಿಗೆ ಬಂದ ವಾಸನೆಯಿಂದಲೂ ಮಳೆಯ ದಿನ ಹುಡುಕುವ ಚಟವನ್ನು ನನಗೆ ಹತ್ತಿಸಿದವರು ಮಲ್ಲಪ್ಪಣ್ಣ. ಅವರ ಬಗ್ಗೆ ಬರೆಯಬೇಕು ಎಂದು ಎಷ್ಟೋ ದಿನದಿಂದ ಅಂದುಕೊಂಡಿದ್ದೆ. ಒಂದೇ ಬೆರಳಿನಲ್ಲಿ ಟೈಪ್ ಮಾಡುವವನಿಗೆ ಇಂಥ ಆಸೆ ನಿಧಾನವಾಗಿಯೇ ಕೈಗೂಡುವುದು.

ಮೊದಲು ಹೊಳೆಯ ವಿಷಯ ಹೇಳಿಬಿಡುತ್ತೇನೆ. ಭೂಪಟದಲ್ಲಿ ಅದು ಹೆಸರಿಲ್ಲದ ಒಂದು ಸಣ್ಣ ನೀಲಿ ಗೆರೆ. ಜನರ ಬಾಯಲ್ಲಿ ಮಾತ್ರ ಅದಕ್ಕೆ ಹೆಸರಿನ ಬರ ಇಲ್ಲ. ಹುಟ್ಟುವ ಕಾಡಿನಲ್ಲಿ ಅದು ತೋಡು. ಎಸ್ಟೇಟುಗಳ ನಡುವೆ ಇಳಿಯುವಾಗ ಹಳ್ಳ. ಗದ್ದೆ ಬಯಲಿಗೆ ಬಂದು ಸ್ವಲ್ಪ ಮೈ ಚಾಚಿದ ಮೇಲೆ ಹೊಳೆ. ಮೇಲೆ ಅರೆಭಾಷೆ ಮಾತಾಡುವವರಿಗೂ ಕೆಳಗೆ ಹಾಸನ, ಮೈಸೂರು ಕಡೆಯಿಂದ ಬಂದು ನೆಲೆನಿಂತ ನಮ್ಮಂಥವರಿಗೂ ಇದೆಲ್ಲ ಒಂದೇ ನೀರು ಎನ್ನುವುದು ನೆನಪಿಗೇ ಬರುತ್ತಿರಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ನಿಂತರೆ ಎಡಗಾಲಿನ ಪಕ್ಕ ಬಿದ್ದ ಹನಿ ಘಟ್ಟ ಇಳಿದು ಪಡುಗಡಲಿಗೆ ಹೋಗುತ್ತದೆ. ಬಲಗಾಲಿನ ಪಕ್ಕ ಬಿದ್ದದ್ದು ನಮ್ಮ ಹೊಳೆಗೆ ಬಂದು, ಹಾರಂಗಿ ಸೇರಿ, ಕಾವೇರಿಯಾಗಿ, ತಮಿಳುನಾಡು ದಾಟಿ ಮೂಡಣ ಕಡಲಿಗೆ. ಇದನ್ನು ತಿಳಿದ ಮೇಲೆ ನಾನೂ ಒಂದು ಸಲ ಮಳೆಯಲ್ಲಿ ಅಲ್ಲಿಗೆ ಹತ್ತಿಹೋಗಿ ನಿಂತಿದ್ದೆ. ಕೊಡೆ ಹಿಡಿದುಕೊಂಡು ತನ್ನ ಕಾಲನ್ನೇ ನೋಡುತ್ತ ನಿಂತವನನ್ನು ಕಂಡು, ದನ ಹುಡುಕಿಕೊಂಡು ಬಂದಿದ್ದ ಹೆಂಗಸೊಬ್ಬಳು "ಏನಾರ ಕಳ್ಕಂಡ್ರಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ಹತ್ತು ಹೆಜ್ಜೆ ಹೋಗಿ ಇನ್ನೊಮ್ಮೆ ತಿರುಗಿ ನೋಡಿದಳು.

ಆ ಬಂಡೆಗೂ ನಮ್ಮ ಮನೆಗೂ ಹೆಚ್ಚು ದೂರವಿಲ್ಲ. ಆದರೆ ಮಳೆಯ ಮಟ್ಟಿಗೆ ಅದು ಬೇರೆ ದೇಶ. ಜುಲೈ ತಿಂಗಳಿನಲ್ಲಿ ಮೇಲಿನವರು ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರೆ ನಾವು ಕೆಳಗೆ ಜೋಳದ ಹೊಲಕ್ಕೆ ಇನ್ನೂ ಒಂದು ಹದ ಮಳೆ ಬರಲಿ ಎಂದು ಬಾಯಿ ಬಿಡುತ್ತಿರುತ್ತೇವೆ. ಹೊಳೆ ಮಾತ್ರ ಆ ದೇಶದ ಮಳೆಯನ್ನು ಈ ದೇಶಕ್ಕೆ ತಂದು ಹಾಕುತ್ತದೆ, ನಮ್ಮನ್ನು ಕೇಳುವುದಿಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂವತ್ತೆರಡು ವರ್ಷಕ್ಕೆ ಖಾಸಗಿಯಾಗಿ ಹತ್ತನೇ ಕ್ಲಾಸು ಕಟ್ಟಿದೆ. ಪರೀಕ್ಷೆಯ ಹಾಲ್‌ನಲ್ಲಿ ಮೇಲ್ವಿಚಾರಕರು ನನ್ನನ್ನು ನೋಡಿ "ಪೋಷಕರು ಹೊರಗೆ ನಿಲ್ಬೇಕು" ಎಂದಿದ್ದರು. ಪಾಸಾಯಿತು. ಅದರ ಬಲದಿಂದ ಹೊಳೆಯ ನೀರಿನ ಮಟ್ಟ ಓದುವ ಕೆಲಸ ಸಿಕ್ಕಿತು. ನಮ್ಮ ಮನೆಯ ಮುಂದೆ ಒಂದು ಮುಳುಗುಸೇತುವೆ ಇದೆ. ತಗ್ಗಿನ ಸೇತುವೆ, ಹೊಳೆ ತುಂಬಿದಾಗ ಅದರ ಮೇಲೆಯೇ ನೀರು ಹೋಗುತ್ತದೆ. ಅದರ ಕಂಬಕ್ಕೆ ಕಪ್ಪು ಬಿಳಿ ಗೆರೆಯ ಅಳತೆಪಟ್ಟಿ ಬಡಿದಿದ್ದಾರೆ. ಮಳೆಗಾಲದಲ್ಲಿ ಗಂಟೆಗೊಮ್ಮೆ ಅದನ್ನು ನೋಡಿ ಬರೆಯಬೇಕು. ನೀರು ಬರುವ ಹಾಗಿದ್ದರೆ ಎರಡೂ ಕಡೆ ಬಿದಿರಿನ ಗಳ ಅಡ್ಡ ಕಟ್ಟಿ ದಾರಿ ಮುಚ್ಚಬೇಕು. ಗಳ ಕಟ್ಟಿದರೆ ಯಾರೂ ದಾಟುವಂತಿಲ್ಲ, ಕಟ್ಟದಿದ್ದರೆ ಎಲ್ಲರೂ ದಾಟುತ್ತಾರೆ. ಜನ ನೀರನ್ನು ನೋಡುವುದಿಲ್ಲ, ನನ್ನ ಗಳವನ್ನು ನೋಡುತ್ತಾರೆ. ಮೊದಮೊದಲು ಇದರಿಂದ ನನಗೆ ಒಂದು ಗತ್ತು ಬಂದಿತ್ತು.

ಆ ಗತ್ತು ಇಳಿದದ್ದು ಮೊದಲ ವರ್ಷವೇ. ನಮ್ಮ ನೀರಾವರಿ ಕಚೇರಿಗೆ ಬಯಲುಸೀಮೆಯ ಕಡೆಯಿಂದ ಹೊಸ ಎಂಜಿನಿಯರ್ ಬಂದಿದ್ದರು, ಚಿಕ್ಕ ವಯಸ್ಸು. ಅವರು ನನ್ನ ಪುಸ್ತಕವನ್ನೂ ಮೇಲಿನ ಎಸ್ಟೇಟಿನಿಂದ ಬರುವ ಮಳೆಯ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ನನ್ನನ್ನು ಕರೆಸಿದರು.

"ನೋಡ್ರೀ, ನಿಮ್ಮ ಹೊಳೆ ಮಂಗಳವಾರ ಸಾಯಂಕಾಲ ಏರಿದೆ. ಮಳೆ ಬಿದ್ದಿರೋದು ಬುಧವಾರ. ಮಳೆ ಬರೋ ಮುಂಚೆ ಹೊಳೆ ಬಂತಾ?"

ನಾನು ಬೆವತುಬಿಟ್ಟೆ. ನೀರಿನ ಮಟ್ಟ ಓದುವವರಲ್ಲಿ ಮನೆಯಲ್ಲಿ ಕೂತು ಸುಳ್ಳು ಅಂಕಿ ಬರೆಯುವವರು ಇದ್ದಾರೆ ಎಂದು ಕೇಳಿದ್ದೆ. ನಾನು ಅಂಥವನಲ್ಲ ಎಂದು ತೋರಿಸುವುದು ಹೇಗೆ? ಎಂಜಿನಿಯರ್ ಅಂದರು, "ಇಬ್ಬರಲ್ಲಿ ಒಬ್ಬರದು ತಪ್ಪು. ಯಾರದು ಅಂತ ತಿಳ್ಕೊಂಡು ಬನ್ನಿ."

ಮಾರನೆಯ ದಿನ ಬೆಳಿಗ್ಗೆ ನಾನು ಎಸ್ಟೇಟಿಗೆ ಹತ್ತಿದೆ. ಮಳೆಯ ಪುಸ್ತಕ ಬರೆಯುತ್ತಿದ್ದವರು ಅಲ್ಲಿನ ರೈಟರ್. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕಿ ಕೆಲಸ ಹಂಚುವವರಿಗೆ ರೈಟರ್ ಎನ್ನುತ್ತಾರೆ. ಅವರ ಹೆಸರು ಮಲ್ಲಪ್ಪ. ಶನಿವಾರಸಂತೆ ಕಡೆಯವರು, ಹಣೆಯ ತುಂಬ ವಿಭೂತಿ, ಮೊಣಕಾಲಿನವರೆಗೆ ಬೂಟು, ತಲೆಗೆ ಪ್ಲಾಸ್ಟಿಕ್ ಕೊಪ್ಪೆ. ನಾನು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ. ಅವರು ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಎಂಟೂವರೆ ಆಗಲು ಎರಡು ನಿಮಿಷ ಇತ್ತು.

ಎಂಟೂವರೆಗೆ ಸರಿಯಾಗಿ ಅವರು ಮಳೆ ಅಳೆಯುವ ಡಬ್ಬಿಯ ಮುಚ್ಚಳ ತಿರುಗಿಸಿ, ಒಳಗಿನ ಬಾಟಲಿ ತೆಗೆದು, ನೀರನ್ನು ಗಾಜಿನ ಅಳತೆಯ ಲೋಟಕ್ಕೆ ಸುರಿದರು. ಬಾಟಲಿಯ ಬಾಯಿಯಲ್ಲಿ ಉಳಿದ ಹನಿಗೂ ಕಾದರು. ಲೋಟವನ್ನು ಸಿಮೆಂಟು ಕಟ್ಟೆಯ ಮೇಲೆ ಇಟ್ಟು, ತಾವು ಕೆಸರಿನಲ್ಲಿ ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದರು.

"ಇಲ್ಲಿ ಬಾ, ನೋಡು. ಗಾಜಿನ ಪಕ್ಕ ನೀರು ಒಂಚೂರು ಮೇಲಕ್ಕೆ ಹತ್ತಿರ್ತದೆ. ಅದನ್ನ ನಂಬಬೇಡ. ನಡುವಿನ ತಗ್ಗು ಅದೆಯಲ್ಲ, ಅದನ್ನ ಓದು. ಎಷ್ಟು?"

"ಒಂದು ಇಂಚು ನಲವತ್ತೊಂದು ಸೆಂಟು," ಎಂದೆ.

"ನಲವತ್ತು. ನೀನು ನಿಂತ್ಕಂಡು ಓದ್ದೆ."

ನಮ್ಮಲ್ಲಿ ಇವತ್ತಿಗೂ ಮಳೆಯ ಮಾತು ಇಂಚು, ಸೆಂಟಿನಲ್ಲೇ. ಒಂದು ಇಂಚಿಗೆ ನೂರು ಸೆಂಟು. ಬೆಳಿಗ್ಗೆ ಒಂಬತ್ತಕ್ಕೆ ಎಸ್ಟೇಟಿನವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ "ನಿಮ್ದೆಷ್ಟು?" ಎಂದು ಕೇಳಿಕೊಳ್ಳುತ್ತಾರೆ. ಪಕ್ಕದವರಿಗಿಂತ ಹೆಚ್ಚು ಬಿದ್ದಿದ್ದರೆ ಒಂದು ಸಂತೋಷ. ಒಮ್ಮೆ ಎಸ್ಟೇಟಿನ ಮಾಲೀಕರಾದ ಸಾವ್ಕಾರರು ಮೂರು ಇಂಚು ತೊಂಬತ್ತೆರಡು ಸೆಂಟನ್ನು ನಾಲ್ಕು ಇಂಚು ಅಂತಲೇ ಹೇಳಿಬಿಡಪ್ಪ ಎಂದರಂತೆ. ಮಲ್ಲಪ್ಪಣ್ಣ, "ಆ ಎಂಟು ಸೆಂಟು ಎಲ್ಲಿಂದ ತರ್ಲಿ ಸಾರ್, ಟ್ಯಾಂಕಿಂದ ಹಾಕ್ಲಾ?" ಎಂದು ಕೇಳಿದರಂತೆ. ಸಾವ್ಕಾರರು ಆಮೇಲೆ ಆ ವಿಷಯಕ್ಕೆ ಬರಲಿಲ್ಲ.

ನಾನು ಬಂದ ಕಾರಣ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಎರಡು ಪುಸ್ತಕವನ್ನೂ ಬಿಡಿಸಿ ಬಹಳ ಹೊತ್ತು ನೋಡಿದರು.

"ನೀನು ನೀರು ಏರಿದ್ದನ್ನ ಕಣ್ಣಾರೆ ಕಂಡ್ಯಾ?"

"ಕಂಡೆ. ಮಂಗಳವಾರ ಸಂಜೆ ಆರೂವರೆ."

"ಹಂಗಾದ್ರೆ ನಿಂದು ಸರಿ. ಮಂಗಳವಾರ ಮಧ್ಯಾಹ್ನ ಸುರೀತು. ಆದ್ರೆ ನಾನು ಅಳದದ್ದು ಬುಧವಾರ ಬೆಳಿಗ್ಗೆ. ರಾತ್ರಿ ಎಷ್ಟು ಬಿತ್ತು, ಹಗಲು ಎಷ್ಟು ಬಿತ್ತು, ನಾನು ಕಂಡಿದೀನಾ? ಕಂಡ ದಿನಕ್ಕೆ ಬರೀತೀನಿ. ನಂದೂ ಸರಿ."

"ಇಬ್ಬರದೂ ಸರಿಯಾದ್ರೆ ಹೊಳೆ ಮಳೆಗಿಂತ ಮುಂಚೆ ಬರ್ತದಲ್ಲ ಮಲ್ಲಪ್ಪಣ್ಣ?"

ಅವರು ನಕ್ಕರು. "ಅದಕ್ಕೆ ಒಂದು ಕೆಲಸ ಮಾಡನ. ನೀನು ಗಂಟೆ ಬರೀತೀಯ. ನಾನೂ ಮಳೆ ಶುರುವಾದ ಗಂಟೆ, ನಿಂತ ಗಂಟೆ ಬರ್ಕಂತೀನಿ. ಎರಡೂ ಕೂಡ್ಸಿ ನೋಡನ. ಮೇಲೆ ಬಿದ್ದ ನೀರು ನಿನ್ನ ಕಂಬಕ್ಕೆ ಬರಕ್ಕೆ ಎಷ್ಟು ಹೊತ್ತು ಹಿಡಿತದೆ ಅಂತ."

ಯಾರೂ ಹೇಳದ, ಯಾರೂ ಕೇಳದ ಕೆಲಸ. ಅವತ್ತಿನಿಂದ ಅವರು ಅದನ್ನು ಬಿಡಲಿಲ್ಲ. ಜೋರು ಮಳೆ ಬಿದ್ದಾಗಲೆಲ್ಲ ಫೋನ್ ಮಾಡುತ್ತಿದ್ದರು. ಅವರು ಇದ್ದ ಲೈನ್ ಮನೆಯಲ್ಲಿ, ಅಂದರೆ ಎಸ್ಟೇಟಿನ ಆಳುಗಳ ಸಾಲುಮನೆಯಲ್ಲಿ, ಸಿಗ್ನಲ್ ಇರಲಿಲ್ಲ, ನೀರಿನ ಟ್ಯಾಂಕಿನ ಕಟ್ಟೆ ಹತ್ತಬೇಕು. ಹತ್ತಿ, ಏದುಸಿರು ಬಿಡುತ್ತ, "ಎರಡಕ್ಕೆ ಶುರು, ಎರಡೂ ಮುಕ್ಕಾಲಿಗೆ ನಿಲ್ತು" ಎಂದು ಇಷ್ಟೇ ಹೇಳಿ ಇಡುತ್ತಿದ್ದರು. ನಾನು ನೀರು ಬಂದ ಗಂಟೆ ತಿಳಿಸುತ್ತಿದ್ದೆ. ಜೂನ್ ಮುಗಿಯುವಷ್ಟರಲ್ಲಿ ಲೆಕ್ಕ ಸಿಕ್ಕಿತು: ಹೆಚ್ಚು ಕಡಿಮೆ ನಾಲ್ಕು ಗಂಟೆ. ಹೊಸ ಜ್ಞಾನ ಸಿಕ್ಕವನ ಖುಷಿಯಲ್ಲಿ ನಾನು ಅದನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದೆ. ಗೌರಿ ಅದರ ಮೇಲೆ ಕ್ಯಾಲೆಂಡರ್ ತೂಗು ಹಾಕಿದಳು.

ಮಲ್ಲಪ್ಪಣ್ಣನಿಗೆ ಮಾತ್ರ ಸಮಾಧಾನವಾಗಲಿಲ್ಲ. "ನಾಲ್ಕು ಗಂಟೆ ಅನ್ನೋದು ಹೊಳೇದಲ್ಲ, ಮಣ್ಣಿಂದು," ಎಂದರು. ಅರ್ಥವಾಗಲಿಲ್ಲ. ಆಗ ಅವರು ನನ್ನನ್ನು ಕಾಫಿ ಸಾಲುಗಳ ಒಳಗೆ ಕರೆದುಕೊಂಡು ಹೋಗಿ ತೊಟ್ಟಿಲು ಗುಂಡಿ ತೋರಿಸಿದರು. ಇಳಿಜಾರಿನಲ್ಲಿ ಗಿಡಗಳ ನಡುವೆ, ತೊಟ್ಟಿಲಿನ ಆಕಾರದಲ್ಲಿ, ಮೊಣಕಾಲಿನಷ್ಟು ಆಳ ತೆಗೆದ ಗುಂಡಿಗಳು. ಹರಿದುಹೋಗುವ ಮಳೆನೀರು ಅದರಲ್ಲಿ ನಿಂತು ಮೆಲ್ಲಗೆ ನೆಲಕ್ಕೆ ಇಳಿಯಲಿ ಎಂದು ತೆಗೆಸುತ್ತಾರೆ. ಎಲ್ಲ ಎಸ್ಟೇಟಿನವರೂ ತೆಗೆಸುತ್ತಿದ್ದರು, ಆದರೆ ತೆಗೆಸಿದ ಮೇಲೆ ಅದರೊಳಗೆ ಇಣುಕಿ ನೋಡುವವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

"ಜೂನ್‌ನಲ್ಲಿ ಇದು ಸಂಜೆ ತುಂಬಿದ್ರೆ ಬೆಳಿಗ್ಗೆಗೆ ಖಾಲಿ. ಮಣ್ಣು ಬಾಯಾರಿರ್ತದೆ, ಕುಡಿತದೆ. ಆಮೇಲಾಮೇಲೆ ಬೆಳಿಗ್ಗೆಗೂ ಅರ್ಧ ಇರ್ತದೆ. ಆಮೇಲೆ ಒಂದು ದಿನ ನೋಡ್ತೀಯ, ತುಂಬಿದ್ದು ತುಂಬಿದಂಗೇ ಅದೆ. ಅವತ್ತಿಂದ ಬಿದ್ದ ಮಳೆ ಎಲ್ಲಾ ನಿಂದೇ."

"ಅಂದ್ರೆ?"

"ಅಂದ್ರೆ ಓಡು ಅಂತ."

ಮಳೆಯನ್ನು ಅಳೆಯುವವರನ್ನು ನಾನು ಕಂಡಿದ್ದೇನೆ, ಹೊಳೆಯನ್ನು ಅಳೆಯುವವನು ನಾನೇ ಇದ್ದೇನೆ. ಇವೆರಡರ ನಡುವೆ ನೆಲ ಎಂಬುದೊಂದು ಇದೆ, ಅದಕ್ಕೂ ಬಾಯಾರಿಕೆ ಇದೆ, ಅದು ತೀರುವ ದಿನವೂ ಒಂದಿದೆ ಎಂದು ಕಂಡುಕೊಳ್ಳಲು ಆ ಮನುಷ್ಯ ಬಳಸಿದ್ದು ಬೇರೆಯವರು ಬೇರೆ ಕೆಲಸಕ್ಕೆ ತೋಡಿದ ಒಂದು ಗುಂಡಿ. ದಿನವೂ ಹಾಜರಿ ಹಾಕಲು ಸಾಲು ಸುತ್ತುವಾಗ ಹನ್ನೆರಡು ಗುಂಡಿಗಳಿಗೆ ಕೋಲು ಅದ್ದಿ, ಒದ್ದೆಯಾದ ಕಡೆ ಉಗುರಿನಿಂದ ಗೀರಿ, ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು. ಜ್ವರ ಬಂದು ಮಲಗಿದ ದಿನಗಳಲ್ಲಿ ಅಂದಾಜಿನ ಅಂಕಿ ಇರುತ್ತಿರಲಿಲ್ಲ. "ನೋಡಲಿಲ್ಲ" ಎಂದು ಬರೆದಿರುತ್ತಿದ್ದರು. ಓದು ಬರಹದವರು ಬರೆದ ಎಷ್ಟೋ ದೊಡ್ಡ ಮಾತುಗಳು ನನಗೆ ಮರೆತುಹೋಗಿವೆ, ಆ ಒಂದು ಪದ ಮರೆತಿಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರಬೇಕು. ಇಲ್ಲಿವರೆಗೆ ಸುತ್ತಿ ಬಳಸಿ ಬಂದದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ತೊಟ್ಟಿಲು ಗುಂಡಿಯ ವಿದ್ಯೆ ಕಲಿತ ಮೇಲೆ, ಪ್ರತಿಯೊಂದಕ್ಕೂ ಅವರನ್ನು ಕೇಳುವುದು ಯಾಕೆ ಎಂದು ನಾನು ನಮ್ಮ ಬೇಲಿಯ ಪಕ್ಕವೇ ಒಂದು ಗುಂಡಿ ತೋಡಿದೆ. ಅಳತೆ ಸರಿಯಾಗಿತ್ತು, ಆಕಾರ ಅವರದ್ದಕ್ಕಿಂತ ಚೆನ್ನಾಗಿತ್ತು. ದಿನವೂ ಕೋಲು ಅದ್ದಿ ನೋಡುತ್ತಿದ್ದೆ.

ಹೊಳೆಯ ಆಚೆ ಮಲ್ಲಪ್ಪಣ್ಣನ ಎಸ್ಟೇಟಿನ ಕೆಳಗಿನ ತೋಟಕ್ಕೆ ನಮ್ಮ ಊರಿನ ಹದಿನಾಲ್ಕು ಹೆಂಗಸರು ಕಳೆ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಗೌರಿಯೂ ಅದರಲ್ಲಿ ಒಬ್ಬಳು. ಬೆಳಿಗ್ಗೆ ಅಶ್ರಫನ ಪಿಕಪ್ ಜೀಪಿನಲ್ಲಿ ಮುಳುಗುಸೇತುವೆ ದಾಟಿ ಹೋಗಿ, ಸಂಜೆ ನಾಲ್ಕೂವರೆಗೆ ಅದರಲ್ಲೇ ಬರುತ್ತಿದ್ದರು. ಸೇತುವೆ ಮುಚ್ಚಿದರೆ ದೊಡ್ಡ ಸೇತುವೆಯ ಕಡೆಯಿಂದ ಸುತ್ತಿ ಬರಬೇಕು, ಒಂದು ಗಂಟೆಗೂ ಮೇಲೆ. ಅದಕ್ಕೇ ಅಶ್ರಫ್ ದಿನವೂ ಕೇಳುತ್ತಿದ್ದ, "ಎಂತ ಅಣ್ಣಾ, ಇವತ್ತು ನಿಮ್ಮ ಹೊಳೆಗೆ ರಜೆಯಾ?"

ಅದು ಜುಲೈ ಕೊನೆ. ಮೂರು ವಾರ ಹಿಡಿದ ಮಳೆ ನಾಲ್ಕು ದಿನದಿಂದ ಬಿಡುವು ಕೊಟ್ಟಿತ್ತು. ಹೊಳೆ ಇಳಿದು ಸೇತುವೆ ಒಣಗಿತ್ತು. ನಮ್ಮ ಕಡೆ ಚೆನ್ನಾಗಿ ಬಿಸಿಲು. ಮಧ್ಯಾಹ್ನ ಮೂರಕ್ಕೆ ಮಲ್ಲಪ್ಪಣ್ಣನ ಫೋನ್ ಬಂತು. "ಎರಡೂಕಾಲಿಗೆ ಶುರು, ಈಗ ನಿಲ್ತು. ಜೋರು." ಇಷ್ಟೇ. ನಾನು ಬೇಲಿಯ ಹತ್ತಿರ ಹೋಗಿ ನನ್ನ ಗುಂಡಿಗೆ ಕೋಲು ಹಾಕಿದೆ. ಒಣಗಿ ತಳದ ಮಣ್ಣು ಬಿರುಕು ಬಿಡುವಂತಿತ್ತು. ಮಣ್ಣು ಮತ್ತೆ ಬಾಯಾರಿದೆ, ಹಾಗಾದರೆ ಜೂನಿನ ಲೆಕ್ಕ, ನಾಲ್ಕು ಗಂಟೆ. ಎರಡೂಕಾಲಿಗೆ ನಾಲ್ಕು ಕೂಡಿಸಿದರೆ ಆರೂಕಾಲು. ಪಿಕಪ್ ಬರುವುದು ನಾಲ್ಕೂವರೆಗೆ. ಗಳ ಕಟ್ಟಲಿಲ್ಲ. ಕೂತು ಕಾಫಿ ಕುಡಿದೆ.

ನಾಲ್ಕು ಇಪ್ಪತ್ತಕ್ಕೆ ಮತ್ತೆ ಫೋನ್. ಈ ಸಲ ಅವರ ಉಸಿರು ಎಂದಿಗಿಂತ ಜೋರಾಗಿತ್ತು.

"ಗಳ ಕಟ್ಟಿದ್ಯಾ?"

"ಇಲ್ಲ ಮಲ್ಲಪ್ಪಣ್ಣ, ಗುಂಡಿ ಒಣಗಿ ಅದೆ. ಆರೂಕಾಲಿಗೆ..."

"ಯಾವ ಗುಂಡಿ?"

"ನಮ್ಮನೇದು."

"ನಿನ್ನ ಮನೆ ಗುಂಡಿ ನಿನ್ನ ಮನೆ ಮಳೆಗೆ ಕಣಪ್ಪ. ನಾನೀಗ ಸುತ್ತಿ ಬಂದೆ. ಇಲ್ಲಿ ತೊಟ್ಟಿಲು ಎಲ್ಲಾ ಹೋದ ವಾರದಿಂದ ತುಂಬಿದಂಗೇ ಅವೆ. ಒಂದರಿಂದ ಇನ್ನೊಂದಕ್ಕೆ ಉಕ್ಕಿ ಹರೀತಾ ಅದೆ. ಇವತ್ತಿಂದು ಒಂದು ತೊಟ್ಟೂ ಮಣ್ಣಿಗೆ ಇಳಿದಿಲ್ಲ. ಆಗಲೇ ಹೊರಟದೆ. ಹೋಗು."

ಆಚೆ ದಡದ ಇಳಿಜಾರಿನಲ್ಲಿ ಅಶ್ರಫನ ಪಿಕಪ್ ತಿರುವು ತಿರುಗುತ್ತಿತ್ತು. ನಾನು ಕೂಗಿದರೆ ಕೇಳುವ ದೂರ ಅಲ್ಲ. ಕೈ ಬೀಸಿದೆ, ಹಿಂದೆ ನಿಂತಿದ್ದ ಹೆಂಗಸರಲ್ಲಿ ಇಬ್ಬರು ತಿರುಗಿ ಕೈ ಬೀಸಿದರು. ಬೇರೆ ದಾರಿ ಕಾಣಲಿಲ್ಲ. ಸೇತುವೆಯ ಮೇಲೆ ಓಡಿದೆ. ಕಾಲ ಕೆಳಗೆ ಸಿಮೆಂಟು ಬಿಸಿಲಿಗೆ ಬೆಚ್ಚಗಿತ್ತು. ಆಚೆ ದಡ ಮುಟ್ಟುವಾಗ ಪಿಕಪ್‌ನ ಮುಂದಿನ ಚಕ್ರ ಸೇತುವೆಗೆ ಹತ್ತು ಮಾರು ದೂರ. ನಾನು ಎರಡು ಕೈಯನ್ನೂ ಬಾನೆಟ್ಟಿನ ಮೇಲೆ ಇಟ್ಟು ನಿಂತುಬಿಟ್ಟೆ.

ಅಶ್ರಫ್ ತಲೆ ಹೊರಗೆ ಹಾಕಿದ. "ಎಂತ ಅಣ್ಣಾ, ಸಾಯ್ಲಿಕ್ಕೆ ನನ್ನ ಗಾಡಿಯೇ ಬೇಕಾ?"

"ಹಿಂದಕ್ಕೆ ತಗೋ. ನೀರು ಬರ್ತಾ ಅದೆ."

ಅವನು ಸೇತುವೆ ನೋಡಿದ, ಆಕಾಶ ನೋಡಿದ. "ನೀರೆಲ್ಲಿ ಉಂಟು? ಧೂಳು ಉಂಟು ನೋಡಿ."

ಹಿಂದಿನಿಂದ ಒಬ್ಬಾಕೆ, "ಗೌರಿ, ನಿನ್ ಗಂಡಂಗೆ ಬಿಸಿಲು ತಲೆಗೆ ಹತ್ತದೆ" ಎಂದಳು. ಎಲ್ಲರೂ ನಕ್ಕರು. ಇನ್ನೊಬ್ಬಾಕೆ ಮನೆಯಲ್ಲಿ ಹಸು ಕರೆಯಬೇಕು, ಬೇಗ ಬಿಡಿ ಎಂದಳು. ಮೇಲಿನ ಗುಂಡಿ ತುಂಬಿದೆ ಎಂದರೆ ಯಾರಿಗೆ ಅರ್ಥವಾಗುತ್ತದೆ? ಅಶ್ರಫ್ ಗೇರ್ ಹಾಕಿ, "ಒಂದು ನಿಮಿಷದ ದಾರಿ ಅಣ್ಣಾ, ಬಿಡಿ" ಎಂದ. ಗಾಡಿ ಒಂದು ಗೇಣು ಮುಂದೆ ಬಂತು. ನಾನು ಬಾನೆಟ್ಟಿನಿಂದ ಕೈ ತೆಗೆಯಲಿಲ್ಲ.

ಆಗ ಗೌರಿ ಮೇಲಿನಿಂದ, ಜೋರೇನೂ ಮಾಡದೆ, "ಅಶ್ರಫಣ್ಣ, ಎಂಜಿನ್ ಆಫ್ ಮಾಡಿ. ಇವರು ಓಡಿದ್ದನ್ನ ನಾನು ಮದುವೆ ಆದಾಗಿಂದ ಕಂಡಿಲ್ಲ" ಎಂದಳು.

ಎಂಜಿನ್ ನಿಂತ ಮೇಲೆ ಕೇಳಿಸಿತು. ಮೊದಲು ದೂರದ ಲಾರಿಯ ಸದ್ದಿನ ಹಾಗೆ. ಆಮೇಲೆ ಹೊಳೆಯ ನೀರಿನ ಬಣ್ಣ ಬದಲಾಯಿತು. ತಿಳಿಯಾಗಿದ್ದದ್ದು ಚಹಾದ ಬಣ್ಣಕ್ಕೆ ಬಂತು, ಒಣ ಎಲೆ, ಕಡ್ಡಿ, ಒಂದು ಪ್ಲಾಸ್ಟಿಕ್ ಕೊಡ ತೇಲಿ ಬಂದವು. ತಿರುವಿನಿಂದ ಕೆಂಪು ನೀರು ಒಟ್ಟಿಗೆ ಬಂದು ಸೇತುವೆಯ ಮೇಲೆ ಹತ್ತಿ, ಅದರ ನಡುಭಾಗವನ್ನು ಮುಚ್ಚಿ, ಎರಡೂ ತುದಿಯನ್ನು ಮುಚ್ಚಿತು. ಒಂದು ಇಡೀ ಮರದ ಕೊಂಬೆ, ಎಲೆ ಸಮೇತ, ನಾವು ಇರಬೇಕಿದ್ದ ಜಾಗದ ಮೇಲೆ ಅಡ್ಡವಾಗಿ ಹೋಯಿತು. ಬಿಸಿಲು ಮಾತ್ರ ಹಾಗೇ ಇತ್ತು.

ಅಶ್ರಫ್ ಸ್ಟೇರಿಂಗಿನ ಮೇಲೆ ತಲೆ ಇಟ್ಟುಕೊಂಡು ಏನೋ ಹೇಳಿಕೊಂಡ. ಗೌರಿ ಕೆಳಗಿಳಿದು ನನ್ನ ಪಕ್ಕ ನಿಂತು ಕೇಳಿದಳು, "ಏನ್ರೀ, ನಿಮ್ಮ ನಾಲ್ಕು ಗಂಟೆ ಆಯ್ತಾ?"

ಗೋಡೆಯ ಬರಹವನ್ನು ಅವಳು ಓದಿಯೇ ಕ್ಯಾಲೆಂಡರ್ ಹಾಕಿದ್ದಳು ಎಂದು ಅವತ್ತು ಗೊತ್ತಾಯಿತು.

ಎಲ್ಲರೂ ಪಿಕಪ್‌ನಲ್ಲಿ ಎಸ್ಟೇಟಿಗೆ ವಾಪಸಾದೆವು. ಮಲ್ಲಪ್ಪಣ್ಣ ಟ್ಯಾಂಕಿನ ಕಟ್ಟೆಯ ಮೇಲೆಯೇ ನಿಂತಿದ್ದರು. ನಮ್ಮನ್ನು ಕಂಡು ಇಳಿದು ಬಂದು ತಲೆ ಎಣಿಸಿದರು, ಬೆಳಿಗ್ಗೆ ಹಾಜರಿ ಹಾಕುವ ಹಾಗೆಯೇ, ಬೆರಳು ತೋರಿಸಿ. ಹದಿನಾಲ್ಕು. ಮತ್ತೆ ಒಂದು ಸಲ ಎಣಿಸಿದರು. ಆಮೇಲೆ ಲೈನಿನ ಒಲೆ ಹಚ್ಚಿಸಿ ಎಲ್ಲರಿಗೂ ಬೆಲ್ಲದ ಕಾಫಿ ಮಾಡಿಸಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಪೆನ್ನು ತೆಗೆದು ಕೇಳಿದರು, "ನೀರು ಎಷ್ಟು ಗಂಟೆಗೆ ಬಂತು?"

ನಾನು ಗಡಿಯಾರ ನೋಡಿರಲಿಲ್ಲ. ನೀರಿನ ಮಟ್ಟ ಓದುವುದೇ ಕೆಲಸವಾದವನು, ಕಣ್ಣೆದುರು ಹೊಳೆ ಬಂದಾಗ ಗಂಟೆ ನೋಡಿರಲಿಲ್ಲ. ಅವರು ಯಾರಾದರೂ ಹೇಳಲಿ ಎಂದು ಸುತ್ತ ನೋಡಿದರು. ಯಾರೂ ನೋಡಿರಲಿಲ್ಲ. ಅವರು ಪುಸ್ತಕ ಬಿಡಿಸಿ ಬರೆದರು. ಭುಜದ ಮೇಲಿನಿಂದ ಇಣುಕಿದೆ. ಎರಡೂಕಾಲು, ಮೂರು, ಎಂದು ಬರೆದು, ಹೊಳೆಯ ಕಾಲಂನಲ್ಲಿ "ನೋಡಲಿಲ್ಲ" ಎಂದಿತ್ತು.

ನಮ್ಮ ಜೀವ ಉಳಿಸಿದ ಮನುಷ್ಯ ಒಂದು ಅಂಕಿ ಸಿಗದೆ ಬೇಜಾರು ಮಾಡಿಕೊಂಡು ಕೂತಿದ್ದರು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಗು ಬರುತ್ತದೆ.

ಅವರು ಕೆಲಸದಿಂದ ನಿವೃತ್ತರಾಗಿ ಈಗ ಶಿರಂಗಾಲದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಎಸ್ಟೇಟಿನಲ್ಲಿ ಈಗ ಮಳೆ ಅಳೆಯುವ ಯಂತ್ರ ಇದೆ. ಸೋಲಾರ್ ಹಲಗೆ ಹಾಕಿದ ಕಂಬ, ನನ್ನ ಮೊಬೈಲಿಗೇ ಸಂದೇಶ ಕಳಿಸುತ್ತದೆ, ಟ್ಯಾಂಕ್ ಹತ್ತಿದ ಏದುಸಿರು ಅದಕ್ಕಿಲ್ಲ. ತೊಟ್ಟಿಲು ಗುಂಡಿಗಳು ಬಹಳ ಕಡೆ ಮುಚ್ಚಿವೆ, ಆಳು ಸಿಗುವುದಿಲ್ಲ. ಬಯಲಿನ ಗದ್ದೆಗಳಲ್ಲಿ ಎಷ್ಟೋ ಪಾಳು ಬಿದ್ದು, ಕೆಲವಕ್ಕೆ ಮಣ್ಣು ತುಂಬಿಸಿ ಮನೆ ಎದ್ದಿವೆ. ಬದು ಕಟ್ಟಿ ನೀರು ನಿಲ್ಲಿಸುತ್ತಿದ್ದ ಗದ್ದೆಯೂ ಒಂದು ದೊಡ್ಡ ತೊಟ್ಟಿಲೇ ಆಗಿತ್ತು ಎಂದು ಅದು ಹೋದ ಮೇಲೆ ನನಗೆ ತಿಳಿಯಿತು. ಮಳೆಯೂ ಮೊದಲಿನ ಹಾಗೆ ಹದವಾಗಿ ವಾರಗಟ್ಟಲೆ ಹಿಡಿಯುವುದಿಲ್ಲ. ತಿಂಗಳು ಸುಮ್ಮನಿದ್ದು ಒಂದು ಮಧ್ಯಾಹ್ನ ಕೊಡದಲ್ಲಿ ಸುರಿದ ಹಾಗೆ ಸುರಿಯುತ್ತದೆ.

ಇಷ್ಟು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಮೊದಲ ಸಾಲಿನಲ್ಲಿ ಇವತ್ತು ಎಂದು ಬರೆದದ್ದು ಈಗ ಇವತ್ತು ಅಲ್ಲ, ಹೂವು ಕಂದಿ ಉದುರುತ್ತಿದೆ. ತಿದ್ದಲು ಹೋಗುವುದಿಲ್ಲ, ಅದು ಕಂಡ ದಿನಕ್ಕೆ ಬರೆದದ್ದು. ಆದರೆ ನಿನ್ನೆ ಒಂದು ಸಂಗತಿ ನಡೆಯಿತು, ಅದನ್ನೂ ಸೇರಿಸಬೇಕು.

ನಿನ್ನೆ ಮಧ್ಯಾಹ್ನ ಗುಡ್ಡದ ಮೇಲೆ ಕಪ್ಪಾಯಿತು. ಮೊಬೈಲಿಗೆ ಸಂದೇಶ ಬಂತು: ಮುಕ್ಕಾಲು ಗಂಟೆಯಲ್ಲಿ ಮೂರು ಇಂಚಿಗೆ ಹತ್ತಿರ. ಮಾರ್ಚ್ ತಿಂಗಳಿನಲ್ಲಿ. ಹೆಂಗಸರೆಲ್ಲ ಆಚೆ ಮೆಣಸು ಕೊಯ್ಯಲು ಹೋಗಿದ್ದರು, ಗೌರಿಯೂ ಹೋಗಿದ್ದಳು. ನೆಲ ಒಣಗಿದೆ, ಹಳೆಯ ಲೆಕ್ಕದಲ್ಲಿ ಒಂದು ತೊಟ್ಟೂ ಹೊಳೆಗೆ ಬರಬಾರದು. ಆದರೆ ಬಿಸಿಲಿಗೆ ಗಟ್ಟಿಯಾದ ನೆಲ ಅಷ್ಟು ಮಳೆಯನ್ನು ಒಂದೇ ಸಲ ಕುಡಿಯುತ್ತದೆಯೋ ಜಾರಿಸಿಬಿಡುತ್ತದೆಯೋ? ಶಿರಂಗಾಲಕ್ಕೆ ಫೋನ್ ಮಾಡಿದೆ. ಮಲ್ಲಪ್ಪಣ್ಣನಿಗೆ ಈಗ ಕಿವಿ ಸ್ವಲ್ಪ ಮಂದವಾಗಿದೆ, ಎರಡು ಸಲ ಹೇಳಬೇಕಾಯಿತು.

"ಮೂರು ಇಂಚಾ? ಮಾರ್ಚಲ್ಲಿ?" ಎಂದು ಕೇಳಿದರು. "ನನ್ನ ಪುಸ್ತಕದಲ್ಲಿ ಇಂಥ ಮಾರ್ಚ್ ಇಲ್ಲ ಕಣಪ್ಪ. ನಂಗೆ ಗೊತ್ತಿಲ್ಲ."

ಅವರ ಬಾಯಲ್ಲಿ ಹೊಳೆಯ ವಿಷಯಕ್ಕೆ ಆ ಮಾತನ್ನು ನಾನು ಮೊದಲ ಸಲ ಕೇಳಿದೆ.

"ಏನ್ ಮಾಡ್ತೀಯ?" ಎಂದರು.

"ಕಟ್ತೀನಿ ಮಲ್ಲಪ್ಪಣ್ಣ."

"ಹ್ಞೂಂ," ಎಂದು ಫೋನ್ ಇಟ್ಟರು.

ಆಚೆ ಹೋಗಿ ಗಳ ಕಟ್ಟಿ, ಈಚೆ ಬಂದು ಗಳ ಕಟ್ಟಿ, ಜಗಲಿಯಲ್ಲಿ ಕೂತೆ. ನಾಲ್ಕೂವರೆಗೆ ಅಶ್ರಫ್ ಬಂದು, ಗಳ ಕಂಡು, ಹಾರ್ನ್ ಹೊಡೆದ. ಹೊಳೆಯಲ್ಲಿ ಕೊಕ್ಕರೆಯ ಕಾಲು ಮುಳುಗುವಷ್ಟೂ ನೀರಿರಲಿಲ್ಲ. ನಾನು ಕೈ ಆಡಿಸಿ ಆಗುವುದಿಲ್ಲ ಎಂದೆ. ಅವನು ಏನೋ ಅಂದ, ಕೇಳಿಸಲಿಲ್ಲ, ಕೇಳಿಸದಿದ್ದದ್ದು ಒಳ್ಳೆಯದೇ. ಗಾಡಿ ತಿರುಗಿಸಿಕೊಂಡು ಸುತ್ತು ದಾರಿಗೆ ಹೋದ. ನಾನು ಗಂಟೆಗೊಮ್ಮೆ ಕಂಬ ಓದಿದೆ. ಐದು, ಆರು, ಏಳು. ಒಂದೇ ಅಂಕಿ, ಮೂರು ಸಲವೂ.

ಗೌರಿ ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಮೈಯೆಲ್ಲ ಧೂಳು. ಚೀಲ ಇಟ್ಟು, ಸೇತುವೆಯ ಕಡೆ ಒಂದು ಸಲ ನೋಡಿ, ಜಗಲಿಯ ಅಂಚಿನಲ್ಲಿ ಕೂತಳು.

"ಬಂತಾ ನೀರು?"

"ಇಲ್ಲ."

"ಒಂದಿಂಚೂ?"

"ಅರ್ಧ ಇಂಚೂ ಇಲ್ಲ."

ಅವಳು ಕಾಲಿನ ಹಿಮ್ಮಡಿ ತಿಕ್ಕಿಕೊಂಡಳು. ಆಮೇಲೆ ಎದ್ದು ಒಳಗೆ ಹೋಗುತ್ತ ಅಂದಳು, "ನಾಳೆ ಕಟ್ಟೋದಿದ್ರೆ ಬೆಳಿಗ್ಗೆನೇ ಹೇಳಿ. ಬುತ್ತಿಗೆ ಎರಡು ರೊಟ್ಟಿ ಜಾಸ್ತಿ ಇಟ್ಕಂತೀನಿ, ಸುತ್ತಿ ಬರೋಷ್ಟರಲ್ಲಿ ಹೊಟ್ಟೆ ಹಸೀತದೆ."